ಕೆಸುವಿನ ಟಬ್ಬಿನಲ್ಲಿ ಆರ್ಕಿಡ್
ಬೆಳಗಾವಿ ಟಿಳಕವಾಡಿಯ ನಮ್ಮ ಹಿತ್ತಲಲ್ಲಿ ಕೆಸುವಿನ ಟಬ್ ಒಂದಿದೆ. ಅದರ ಅಂಚಲ್ಲಿ ಕಂದು ಬಣ್ಣದ ಹುಲ್ಲಿನಂಥದ್ದು ಬಂದಿತ್ತು, ಕಳೆ ಅಂತ ಕೀಳೋಕೆ ಕೈ ಹಾಕಿದ್ದೆ, ಅಷ್ಟರಲ್ಲಿ ತುದಿಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಹೂ, ಅದಕ್ಕೊಂದು ಹಳದಿ ತುಟಿ ಕಾಣಿಸಿತು. ಆರ್ಕಿಡ್! ಹೆಸರು ಜ್ಯೂಕ್ಸಿನ್ ಸ್ಟ್ರಾಟ್ಯುಮ್ಯಾಟಿಕಾ. ಗದ್ದೆ ಬದು, ಒದ್ದೆ ಹುಲ್ಲುಹಾಸಿನಲ್ಲಿ ಚಳಿಗಾಲಕ್ಕೆ ಅರಳುವ ಗಟ್ಟಿ ಗಿಡ.

ಮಣ್ಣು ಸದಾ ತೇವ ಇರಬೇಕು, ಬುಡದಲ್ಲಿ ನೀರು ನಿಲ್ಲಬಾರದು, ಅದಕ್ಕೇ ಟಬ್ಬಿನ ಪಕ್ಕಕ್ಕೆ ತೂತು ಹಾಕಿದೆ. ಗೊಬ್ಬರ ಹಾಕಲಿಲ್ಲ. ಮಣ್ಣು ಕೆದಕಲೂ ಇಲ್ಲ, ಯಾಕಂದ್ರೆ ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರವೇ ಇರೋದಿಲ್ಲ, ಮಣ್ಣಿನ ಶಿಲೀಂಧ್ರ ಉಣಿಸಿದರೆ ಮೊಳಕೆ. ಹೂ ಮುಗಿದ ಮೇಲೆ ಗಿಡ ಒಣಗಿತು. ಹೊಟ್ಟೆ ಚುರ್ ಅಂದಿತು. ನೀರು ಹಾಕೋದು ಮಾತ್ರ ಬಿಡಲಿಲ್ಲ. ಮೊನ್ನೆ ಅದೇ ಜಾಗದಲ್ಲಿ ಮೂರು ಕುಡಿ!