ಮಣ್ಣ ಮಾಡ್ಯಾರೇನು?

ಮೊದ್ಲೇ ಹೇಳಿಬಿಡ್ತೀನಿ, ಗೇಮ್ ಆಫ್ ಥ್ರೋನ್ಸ್ ಅನ್ನೋ ಅಮೇರಿಕಾದ ಟಿವಿ ಸೀರಿಯಲ್ ಇನ್ನಾ ನೋಡಿಲ್ಲ ಅನ್ನೋರು ಇದ್ರ ಇಲ್ಲೇ ನಿಂದರ್ರಿ, ಮುಂದ ಎಲ್ಲಾ ಬಿಚ್ಚಿ ಹೇಳೋನಿದ್ದೀನಿ, ಆಮ್ಯಾಲ ನನಗ ಬೈಬ್ಯಾಡ್ರಿ.

2019ರ ಬ್ಯಾಸಗಿ ಮಾತು. ಕಲಬುರಗ್ಯಾಗ ಒಂದು ರೂಮಿನ್ಯಾಗ ಮೂರು ಮಂದಿ ಇದ್ದೀವಿ, ನಾನು, ಒಬ್ಬ ಬೀದರದವ, ಒಬ್ಬ ಶಹಾಪುರದವ. ಕಡೀ ಸೀಸನ್ ನಡದಿತ್ತು. ಅಮೇರಿಕಾದಾಗ ಐತವಾರ ರಾತ್ರಿ ಒಂಬತ್ತಕ್ಕ ಬಂದ್ರ ನಮಗ ಸೋಮವಾರ ಮುಂಜಾನಿ ಆರೂವರಿ, ಹಾಲಿನವ ಗಂಟಿ ಹೊಡ್ಕೋತ ಹೊಂಟಿರ್ತಾನ, ನಾವು ಮಾರಿ ಸೈತ ತೊಳಿಲಾರ್ದ ಒಂದೇ ಫೋನಿಗಿ ಮೂರು ತಲಿ ಹಚ್ಚಿ ಕುಂತಿರ್ತಿದ್ದೀವಿ. ಖರೇ ಹೇಳ್ಬೇಕಂದ್ರ ನೋಡೋ ಒಂದ್ ತಾಸಿಗಿಂತ ಉಳದ ಆರು ದಿನದ ಮಜಾನೇ ಜಾಸ್ತಿ, ಮುಂದೇನಾಗ್ತದ, ಯಾರ್ ಸಾಯ್ತಾರ, ಕುರ್ಚಿ ಮ್ಯಾಲ ಯಾರ್ ಕೂಡ್ತಾರ, ಚಾ ಅಂಗಡ್ಯಾಗ ಅದೇ, ಬಸ್ಸಿನ್ಯಾಗ ಅದೇ. ಬಾಜೂಕ ಕುಂತ ಹಿರೇರು ಎಲೆಕ್ಷನ್ ರಿಜಲ್ಟ್ ಬಗ್ಗಿ ಮಾತಾಡ್ಲತ್ತೀವಿ ಅಂತ ತಿಳ್ಕೊಂಡು ನಡಬರಕ ಬಾಯಿ ಹಾಕ್ತಿದ್ರು, ಯಾಕಂದ್ರ ನಮ್ಮಲ್ಲಿ ಏಪ್ರಿಲ್ 23ಕ್ಕ ವೋಟ್ ಆಗಿ ಮೇ 23ರ ತನಾ ಎಲ್ಲಾರೂ ಕಾಯೋದೇ ಇತ್ತು. (ಖರ್ಗೆ ಸಾಹೇಬ್ರು ಮೊದಲನೇ ಸಲ ಸೋಲ್ತಾರ ಅಂತ ನಮ್ಮ ರೂಮಿನ್ಯಾಗ ಯಾವನೂ ಥಿಯರಿ ಮಾಡಿರ್ಲಿಲ್ಲ, ಅದು ಬ್ಯಾರೆ ಮಾತು.)

ಬೀದರದವಂದು ಒಂದೇ ಹಟ. ಬ್ರಾನ್ ಅನ್ನೋ ಹುಡುಗ ಅದಾನಲ್ಲ, ಕಾಲು ಹೋಗಿ ಕುಂತಲ್ಲೇ ಹಳೀ ಕಾಲಕ್ಕ ಹೋಗಿ ಬರೋವ, ಅವನೇ ಹೆಣದ ದಂಡಿನ ರಾಜಾ ನೈಟ್ ಕಿಂಗ್ ಅಂತ. ಇದು ಅವಂದೇ ತಲಿ ಅಲ್ಲ, ಜಗತ್ತಿನ್ಯಾಗ ಭಾಳ ಮಂದಿ ಹಂಗ ಅಂತಿದ್ರು. ಬ್ರಾನ್‌ನ ಹೊತ್ಕೊಂಡು ತಿರುಗೋ ಹೋಡೋರಂದು ಹಂಗೇ ಆಗಿತ್ತಲ್ಲ, ಬ್ರಾನ್ ಹಿಂದಿನ ಕಾಲಕ್ಕ ಹೋಗಿ ಆ ಹುಡುಗನ ತಲಿ ಕೆಡಿಸಿದ್ದಕ್ಕೇ ಅವ ಜಲ್ಮ ಎಲ್ಲಾ "ಹೋಡೋರ್" ಅಂದ್ಕೋತ ತಿರುಗ್ದ ಅಂತ ಆರನೇ ಸೀಸನ್‌ದಾಗ ತೋರಿಸಿದ್ರು, ಆವತ್ತು ನಾನು ನಾಷ್ಟಾ ಮಾಡ್ಲಿಲ್ಲ. ಒಮ್ಮಿ ಹಂಗ ಮಾಡಿದವರು ಇನ್ನೊಮ್ಮಿ ಮಾಡಂಗಿಲ್ಲೇನು ಅಂತ ಬೀದರದವನ ವಾದ. ಶರ್ತ ಕಟ್ಟಿದ್ವಿ, ಸೂಪರ್ ಮಾರ್ಕೆಟ್‌ದಾಗ ನಾಕು ಪ್ಲೇಟ್ ಮಿರ್ಚಿ ಭಜಿ.

ಮೂರನೇ ಎಪಿಸೋಡ್, ಏಪ್ರಿಲ್ 29. ವಿಂಟರ್‌ಫೆಲ್ ಯುದ್ಧ, 82 ನಿಮಿಷ, ಪೂರಾ ಕತ್ತಲ್ದಾಗ. ಏನೂ ಕಾಣವಲ್ದು ಅಂತ ದೊಡ್ಡ ದೊಡ್ಡ ಟಿವಿ ಇದ್ದ ಅಮೇರಿಕಾದವ್ರೇ ಬೈದ್ರು, ನಮ್ಮ ಹಾಲತ್ ವಿಚಾರ ಮಾಡ್ರಿ, ರೂಮಿನ ಕಿಟಕಿ ಪೂರ್ವಕ್ಕ, ಕಲಬುರಗಿ ಸೂರ್ಯ ಏಳೋಕೇ ತಡಾ ಇಲ್ಲ, ಮ್ಯಾಲಿಂದ ಕರೆಂಟ್ ಹೋಗಿ ಫ್ಯಾನ್ ಬಂದ್. ಶಹಾಪುರದವ ಅವರವ್ವ ಹೊಲ್ದು ಕೊಟ್ಟ ಕೌದಿ ತಗೊಂಡು ಕಿಟಕಿಗಿ ಹಾಕ್ದ, ಒಂದ್ ಕಡಿ ಮೊಳಿ ಇತ್ತು, ಇನ್ನೊಂದ್ ಕಡಿ ಇರ್ಲಿಲ್ಲ, ಹಿಂಗಾಗಿ ಆ ಮೂಲಿ ಕೈಲೆ ಹಿಡ್ಕೊಂಡು ನಿಂತೇ ನೋಡ್ದ. ಕೌದಿ ಕೆಂಪು ತುಣುಕಿನ ಒಳಗಿಂದ ಬೆಳಕು ಬಂದು ಇಡೀ ರೂಮು ಕೆಂಪಗಾಗಿತ್ತು, ಫೋನಿನ್ಯಾಗ ಮಾತ್ರ ಮಸಿ. ನೈಟ್ ಕಿಂಗ್ ಬ್ರಾನ್ ಮುಂದ ಬಂದು ನಿಂತ, ಬೀದರದವ ನನ್ನ ತೊಡಿ ಹಿಡದ್ಬಿಟ್ಟ, ಅಷ್ಟ್ರಾಗ ಎಲ್ಲಿಂದೋ ಬ್ರಾನ್‌ನ ಅಕ್ಕ ಆರ್ಯಾ ಹಾರಿದ್ಲು, ಶಹಾಪುರದವ "ಯಪ್ಪೋ" ಅಂತ ಕೌದಿ ಬಿಟ್ಟ. ಬಿಸಲು ರಪ್ ಅಂತ ಬಡೀತು, ಸ್ಕ್ರೀನ್ ಮ್ಯಾಲ ನಮ್ಮ ಮೂರೂ ಮಂದಿ ಬೆವತ ಮಾರಿ ಅಷ್ಟೇ ಕಂಡ್ವು. ನೈಟ್ ಕಿಂಗ್ ಸತ್ತಿದ್ದು ನಾವು ನೋಡೇ ಇಲ್ಲ, ಕೇಳಿದ್ದು.

ನಮ್ಮವ್ವನ ಮಾತು ಇಲ್ಲಿ ಹೇಳಲೇಬೇಕು. 2015ರಾಗ ಐದನೇ ಸೀಸನ್ ಕಡೀಕಿ ಕತೀ ಹೀರೋ ಜಾನ್ ಸ್ನೋಗ ಅವನ ಮಂದೀನೇ ಚೂರಿ ಹಾಕಿ ಮಂಜಿನ್ಯಾಗ ಒಗದ್ರು, ಮುಂದಿಂದು ನೋಡ್ಲಿಕ್ಕಿ ಹತ್ತು ತಿಂಗಳ ಮ್ಯಾಲ ಕಾಯ್ಬೇಕಿತ್ತು. ಜಗತ್ತೆಲ್ಲಾ ಅದೇ ಲೆಕ್ಕ ಹಾಕ್ಲತ್ತಿತ್ತು, ಆ ಪಾತ್ರ ಮಾಡಿದ ಕಿಟ್ ಹ್ಯಾರಿಂಗ್ಟನ್ ಕೂದಲ ಕಟಿಂಗ್ ಮಾಡ್ಸ್ಯಾನೋ ಇಲ್ಲೋ ಅಂತ ಫೋಟೋ ಹಿಡದು ಅಳದ್ರು, ಉದ್ದ ಅದ ಅಂದ್ರ ಶೂಟಿಂಗ್‌ಗಿ ಹೋಗೋನಿದ್ದಾನ ಅಂತ ಅರ್ಥ. ನಾನು ಊರಿಗಿ ಫೋನ್ ಹಚ್ಚಿದಾಗ ಇದೇ ಚಿಂತಿ ಅವ್ವನ ಮುಂದ ಹೇಳ್ದೆ. ಸಂಜೀ ಮುಂದ ಸೀರಿಯಲ್ ನೋಡಿ ನೋಡಿ ಪಳಗಿದಾಕಿ, ಒಂದೇ ಮಾತು ಕೇಳಿದ್ಲು:

"ಮಣ್ಣ ಮಾಡ್ಯಾರೇನು?"

"ಇಲ್ಲವ್ವ, ಆ ಕಡೆ ಸುಡ್ತಾರ. ಹಂಗೇ ಬಿಟ್ರ ಹೆಣಾ ಎದ್ದು ಬರ್ತಾವ ಅಲ್ಲಿ."

"ಸುಟ್ಟಾರೇನು ಮತ್ತ?"

"ಇನ್ನಾ ಇಲ್ಲ."

"ಹಂಗಾದ್ರ ಬರ್ತಾನ್ ತಗೋ. ನಂದು ಸೀರಿಯಲ್ ಚಾಲೂ ಆಗ್ಲತ್ತದ, ಇಡ್ತೀನಿ."

ಬಂದ. ಕೂದಲ ಅಳದವ್ರು ಇಡೀ ವರ್ಷ ಮಾಡಿದ್ದು ನಮ್ಮವ್ವ ಅರ್ಧ ನಿಮಿಷಕ್ಕ ಮುಗಿಸಿದ್ಲು.

ನನಗ ಅವತ್ತಿಂದ ಇದೇ ತಕ್ಕಡಿ. ಒಳ್ಳೇ ಊಹೆ ಅಂದ್ರ ಆಕಾಶದಿಂದ ಬರೋದಲ್ಲ, ಕತ್ಯಾಗ ಮಣ್ಣ ಮಾಡ್ಲಾರ್ದ ಬಿಟ್ಟಿದ್ದು ಏನದ ಅಂತ ನೋಡೋದು. ಜಾನ್ ಸ್ನೋನ ತಾಯಿ ಯಾರು ಅನ್ನೋದು ಹಂಗೇ. ಈ ಸೀರಿಯಲ್ಲಿಗಿ ಮೂಲ ಆದ ಮೊದಲ್ನೇ ಪುಸ್ತಕ ಬಂದಿದ್ದು 1996ರಾಗ, ಒಂದ್ ವರ್ಷಕ್ಕೇ ಓದೋರು ತಾಯಿ ಲಿಯಾನಾ, ತಂದಿ ರೇಗರ್ ಅಂತ ಗುರ್ತು ಹಿಡದ್ರು, ಟಿವ್ಯಾಗ ತಾಯಿ ಆಕಿನೇ ಅಂತ ತೋರಿಸಿದ್ದು 2016ರಾಗ. ಬರದ ಮಾರ್ಟಿನ್ ಸಾಹೇಬ್ರು ಸೀರಿಯಲ್ ಮಾಡ್ತೀವಿ ಅಂತ ಬಂದ ಇಬ್ಬರಿಗೂ ಕೇಳಿದ್ದು ಇದನ್ನೇ ಅಂತ, ಜಾನ್‌ನ ತಾಯಿ ಯಾರು ಹೇಳ್ರಿ. ಅವರು ಹೇಳಿದ್ರು, ಹಕ್ಕು ಸಿಕ್ತು. ಯಾರೋ ಗುರ್ತು ಹಿಡದಾರ ಅಂತ ಕತಿ ಬದಲಾಯಿಸಂಗಿಲ್ಲ ಅಂತನೂ ಅವರು ಹೇಳ್ಯಾರ, ಅದು ನನಗ ಭಾಳ ಸೇರ್ತು.

ಶಹಾಪುರದವ ಯೂನಿವರ್ಸಿಟ್ಯಾಗ ಹಿಸ್ಟರಿ ಎಂಎ. ಅವನ ತಕರಾರೇ ಬ್ಯಾರೆ, ಇದೆಲ್ಲಾ ನಮ್ಮೂರಾಗ ಆಗಿ ಹೋಗ್ಯದ ಲೇ ಅಂತಿದ್ದ. ರೆಡ್ ವೆಡ್ಡಿಂಗ್, ಊಟಕ್ಕ ಕರದು ಕೊಲ್ಲೋದು, ಅದಕ್ಕ ಸ್ಕಾಟ್ಲೆಂಡಿನ 1440ರ ಒಂದು ಊಟ ಮೂಲ ಅಂತಾರ. ಅದಕ್ಕೂ 43 ವರ್ಷ ಮೊದಲ, 1397ರಾಗ, ಇದೇ ಕಲಬುರಗ್ಯಾಗ ಬಹಮನಿ ಸುಲ್ತಾನ ಘಿಯಾಸುದ್ದೀನ್, ಇನ್ನಾ ಹರೇದ ಹುಡುಗ, ತಘಲ್ಚಿನ್ ಅನ್ನೋ ತುರ್ಕಿ ಗುಲಾಮ ಸರದಾರ ಅವಗ ಮನಿಗಿ ಊಟಕ್ಕ ಕರದ, ಕಣ್ಣು ಕಿತ್ತ, ಸುಲ್ತಾನರು ಕರೀಲತ್ತಾರ ಅಂತ ಹೇಳಿ ಒಬ್ಬೊಬ್ಬ ಅಮೀರನ್ನ ಒಳಗ ಕರದು ಕರದು ಕಡದ. ಕಣ್ಣಿಲ್ಲದ ಹುಡುಗನ್ನ ಸಗರ ಕೋಟಿಗಿ ಕಳಿಸಿದ, ಸಗರ ಅಂದ್ರ ಇವನ ಶಹಾಪುರದ ಬಾಜೂಕೇ, ಅದಕ್ಕೇ ಇವಗ ಅಷ್ಟು ಜೋರು.

ಇಲ್ಲಿ ನಿಂತು ಅವ ನಮಗ ಕೇಳ್ದ, ಹೇಳ್ರಿ ಈಗ, ತಘಲ್ಚಿನ್‌ಗ ಯಾರ್ ಕೊಂದ್ರು? ಬೀದರದವ ಫಿರೋಜ್ ಶಾ ಅಂದ, ಯಾಕಂದ್ರ ಆಮ್ಯಾಲ ಗಾದಿ ಮ್ಯಾಲ ಕುಂತಾವ ಅವನೇ. ನಾನು ಅವ್ವನ ತಕ್ಕಡಿ ಹಿಡದೆ. ಹುಡುಗನ್ನ ಮಣ್ಣ ಮಾಡ್ಯಾರೇನು? ಇಲ್ಲ. ಹಂಗಾದ್ರ ಅವನೇ ಅಂದೆ. ಫರಿಶ್ತಾ ಅನ್ನೋ ಹಳೀ ಇತಿಹಾಸಕಾರ ಬರ್ದಿದ್ದೂ ಅದೇ, ಫಿರೋಜ್ ಗೆದ್ದಮ್ಯಾಲ ತಘಲ್ಚಿನ್‌ನ ತಂದು ಮುಂದ ಕುಂದ್ರಿಸಿದ್ರು, ಕುರುಡ ಕೈಯಾಗ ಕತ್ತಿ ಹಿಡದು ಹೊಡದ, ಆಮ್ಯಾಲ ಮಕ್ಕಾಕ್ಕ ಹೋದ. ರೂಮಿನ್ಯಾಗ ಒಂದ್ ನಿಮಿಷ ಯಾರೂ ಮಾತಾಡ್ಲಿಲ್ಲ.

ಅದಕ್ಕೇ ಕಡೀ ಸೀಸನ್ ಮ್ಯಾಲ ನನ್ನ ಸಿಟ್ಟು ಇನ್ನಾ ಇಳದಿಲ್ಲ. ನನ್ನ ಊಹೆ ಸುಳ್ಳಾತು ಅಂತಲ್ಲ. ಡ್ರ್ಯಾಗನ್ ಸಾಕಿದ ರಾಣಿ ಡೇನೆರಿಸ್ ಊರು ಸುಟ್ಲು, ಆಕಿ ಸುಡಾಕಿನೇ ಅಂತ ಮೊದ್ಲಿಂದ ಕಾಣ್ತಿತ್ತು, ಒಪ್ತೀನಿ, ಆದ್ರ ಹತ್ತು ಎಪಿಸೋಡ್ ಕೊಡೋ ಜಾಗಾದಾಗ ಆರೇ ಕೊಟ್ಟು, ಊರಿನವ್ರು ಶರಣು ಬಂದ್ವಿ ಅಂತ ಘಂಟಿ ಹೊಡದ ಕೂಡ್ಲೇ ಆಕಿ ತಲಿ ತಿರುಗ್ತು ಅಂದ್ರ ಹ್ಯಾಂಗ್ರಿ, ನಾಕನೇ ಎಪಿಸೋಡ್‌ದಾಗ ಊಟದ ಟೇಬಲ್ ಮ್ಯಾಲ ಕಾಫಿ ಕಪ್ ಮರ್ತು ಬಿಟ್ಟಷ್ಟೇ ಅವಸರದಾಗ ಕತೀನೂ ಮುಗಿಸಿದ್ರು. ನೈಟ್ ಕಿಂಗ್ ಹೆಣಾ ಜೋಡಿಸಿ ಸುರುಳಿ ಸುರುಳಿ ಆಕಾರ ಮಾಡ್ತಿದ್ನಲ್ಲ, ಆ ಗುರ್ತಿನ ಮ್ಯಾಲ ಬೀದರದವ ಒಂದು ನೋಟ್‌ಬುಕ್ಕೇ ತುಂಬಿಸಿದ್ದ. ಒಂದ್ ಮಾತಿನ ಉತ್ತರ ಸಿಗ್ಲಿಲ್ಲ. ನೋಟ್‌ಬುಕ್ಕಿನ ಉಳದ ಹಾಳಿ ಆಮ್ಯಾಲ ಕಿರಾಣಿ ಲೆಕ್ಕಕ್ಕ ಹೋದ್ವು.

ಮೇ 20ಕ್ಕ ಕಡೀ ಎಪಿಸೋಡ್. ಕುರ್ಚಿ ಡ್ರ್ಯಾಗನ್ ಸುಟ್ಟು ಕರಗಿಸ್ತು, ರಾಜಾ ಆಗಿದ್ದು ಬ್ರಾನ್. ನಾನು ಫೋನ್ ಆ ಕಡೆ ಒಗದೆ, ಶಹಾಪುರದವ ಹಾಸಗಿ ಮ್ಯಾಲ ಮಗ್ಗಲಾ ಬದ್ಲಿಸಿ ಮಲಕೊಂಡ. ಬೀದರದವ ಮಾತ್ರ ಎದ್ದು ನಿಂತು ಅಂಗಿ ತೊಟ್ಕೊಳ್ಲತ್ತ.

"ಎಲ್ಲಿಗ್ಲೇ?"

"ಸೂಪರ್ ಮಾರ್ಕೆಟ್. ನೈಟ್ ಇಲ್ಲದಿದ್ರ ಹೋತು, ಕಿಂಗ್ ಅಂತೂ ಆದ್ನಲ್ಲ. ಅರ್ಧಾ ಶರ್ತ ಗೆದ್ದೀನಿ, ಎರಡು ಪ್ಲೇಟ್ ಕೊಡ್ಸು."

ಮುಂಜಾನಿ ಎಂಟಕ್ಕ ಭಜಿ ಎಲ್ಲಿ ಸಿಗ್ತದ, ಸಂಜೀ ಮುಂದ ಕೊಡಿಸ್ದೆ. ಒಂದು ಪ್ಲೇಟ್. ಇನ್ನೊಂದು ಇನ್ನಾ ಬಾಕಿ ಅದ ಅಂತ ಮೊನ್ನಿ ಫೋನ್ ಮಾಡಿದಾಗೂ ಅಂದ.