ಅರ್ಜಿಯಲ್ಲಿ ‘ಮೋಸ’ ಎಂದರೆ ಸಾಲದು

ಮಂಗಳೂರಿನ ಕುಟುಂಬ ನ್ಯಾಯಾಲಯಕ್ಕೆ ವಿಚ್ಛೇದನದ ಅರ್ಜಿ ಹಾಕುವಾಗ ‘ಮೋಸ ಮಾಡಿದ್ದಾರೆ’, ‘ಅಕ್ರಮ ಸಂಬಂಧ ಉಂಟು’ ಎಂದಷ್ಟೇ ಬರೆಸಬೇಡಿ. ಕಾನೂನು ಕೇಳುವುದು ವ್ಯಭಿಚಾರವನ್ನು: ಮದುವೆಯ ಬಳಿಕ ಬೇರೊಬ್ಬರೊಡನೆ ಸ್ವಇಚ್ಛೆಯ ದೈಹಿಕ ಸಂಪರ್ಕ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಡಿ ಒಂದೇ ಸಲ ನಡೆದದ್ದು ರುಜುವಾತಾದರೂ ಸಾಕು. ಹೆಂಡತಿಯ ಜೀವನಾಂಶ ತಡೆಯಬೇಕಾದರೆ ಹಾಗಲ್ಲ. ಆ ಸಂಬಂಧ ಮುಂದುವರಿದೇ ಇದೆ ಎಂದು ಗಂಡ ತೋರಿಸಬೇಕಾಗುತ್ತದೆ. ಇವೆರಡನ್ನು ಬೆರೆಸಿದರೆ ವಾದ ಕುಸಿಯುತ್ತದೆ.

ಬರೀ ಚಾಟ್ ಇದ್ದು ದೈಹಿಕ ಸಂಪರ್ಕದ ಸುಳಿವೇ ಇಲ್ಲವಾದರೆ ‘ಕ್ರೌರ್ಯ’ ಎಂಬ ಆಧಾರವೇ ಲೇಸು. ಸುಮ್ಮನೆ ವ್ಯಭಿಚಾರದ ಆರೋಪ ಹೊರಿಸಿ ಸಾಬೀತು ಮಾಡಲಾಗದಿದ್ದರೆ, ಅದೇ ಆರೋಪವನ್ನು ಎದುರಿನವರು ನಿಮ್ಮ ಕ್ರೌರ್ಯವೆಂದು ತಿರುಗಿಸುತ್ತಾರೆ.

ದಿನಾಂಕ, ಸ್ಥಳ, ಲಾಡ್ಜ್ ಬಿಲ್ಲು ಜೋಡಿಸಿಡಿ. ಸ್ಕ್ರೀನ್‌ಶಾಟ್‌ಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಮೂಲ ಫೋನನ್ನು ಫಾರ್ಮ್ಯಾಟ್ ಮಾಡಲೇಬೇಡಿ. ಎಲ್ಲ ಗೊತ್ತಾದ ಮೇಲೂ ಕ್ಷಮಿಸಿ ಮತ್ತೆ ಸಂಸಾರ ನಡೆಸಿದ್ದರೆ ಹಿಂದೂ ವಿವಾಹ ಕಾಯ್ದೆಯ 23ನೇ ಕಲಂ ಅಡ್ಡ ಬರಬಹುದು.

ನಮ್ಮೂರಿನ ಕೆಥೋಲಿಕ್ ದಂಪತಿಗಳಿಗೆ ಅನ್ವಯಿಸುವುದು 1869ರ ವಿಚ್ಛೇದನ ಕಾಯ್ದೆ. ಅಲ್ಲಿ, ನ್ಯಾಯಾಲಯ ವಿನಾಯಿತಿ ಕೊಡದ ಹೊರತು, ಸಂಬಂಧವಿದ್ದ ಮೂರನೆಯ ವ್ಯಕ್ತಿಯನ್ನೂ ಸಹ-ಪ್ರತಿವಾದಿ ಮಾಡಲೇಬೇಕು. ಇದು ಬಿಟ್ಟುಹೋಗಿ ಅರ್ಜಿ ತಡವಾದರೆ ಬಹಳ ಸಂಕಟ.

ಠಾಣೆಗೆ ಓಡಿ ಪ್ರಯೋಜನವಿಲ್ಲ. ವ್ಯಭಿಚಾರವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದೇ ರದ್ದು ಮಾಡಿದೆ. ಮೊದಲ ಮದುವೆ ಇರುವಾಗಲೇ ಇನ್ನೊಂದು ಮದುವೆಯಾದರೆ ಮಾತ್ರ ಬೇರೆ. ಅದಕ್ಕೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಇದೆ.