“ಅಜ್ಜಿ, ನಂಗೂ ಮಾಟ ಕಲಿಸ್ತೀರಾ?”

“ಅಜ್ಜಿ, ನಿಮಗೆ ಮಾಟ ಬರ್ತದಂತೆ, ಹೌದಾ? ನಂಗೂ ಕಲಿಸ್ತೀರಾ?”

ಮೊನ್ನೆ ನಮ್ಮನೆ ಅಂಗಳದಲ್ಲಿ ಅಡಿಕೆ ಸುಲಿಯುವಾಗ ತಂಗಿಯ ಮಗಳು ಕೇಳಿದ್ದು. ಮೆಟ್ಟುಗತ್ತಿಯ ಸದ್ದೆಲ್ಲ ಒಮ್ಮೆಗೇ ನಿಂತಿತು. ಬೆಂಗಳೂರಿನ ಮಗು, ಹ್ಯಾರಿ ಪಾಟರ್ ಅರೆದು ಕುಡಿದಿದ್ದಾಳೆ. ಅವಳ ಪಾಲಿಗೆ ಮಾಟಗಾತಿ ಅಂದ್ರೆ ಎಲ್ಲರಿಗಿಂತ ಚೆನ್ನಾಗಿ ಓದುವ, ಗೆಳೆಯರ ಜೀವ ಉಳಿಸುವ ಹುಡುಗಿ. ಕೇಳಿದ್ದು ಆಸೆಯಿಂದಲೇ.

ಅಜ್ಜಿಯ ಮುಖ ಬಿಳುಚಿತು. “ಯಾರು ಹೇಳಿದ್ರು ಮಗಾ?”

ಮಗು ಸೀದಾ ಬೆರಳು ತೋರಿಸಿತು. ಎದುರಿಗೇ ಪಕ್ಕದ ತೋಟದ ಅಕ್ಕ ಕೂತಿದ್ದರು. ತಲೆ ತಗ್ಗಿಸಿ ಮತ್ತೆ ಅಡಿಕೆ ಸುಲಿಯತೊಡಗಿದರು.

“ಯಾರು ಹೇಳಿದ್ರು ಮಗಾ?” ಆ ದನಿ ಇನ್ನೂ ಕಿವಿಯಲ್ಲಿದೆ. ಅದರಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು.

ಅಜ್ಜಿಗೆ ಗಂಡನಿಲ್ಲ, ಮಕ್ಕಳಿಲ್ಲ. ಹಳ್ಳದ ಆಚೆ ಒಬ್ಬರೇ ಇದ್ದಾರೆ. ಸರ್ಪಸುತ್ತಿಗೆ ಸೊಪ್ಪು ಅರೆದು ಹಚ್ಚುತ್ತಾರೆ, ದುಡ್ಡು ಮುಟ್ಟುವುದಿಲ್ಲ. ಮಗುವಿಗೆ ದೃಷ್ಟಿಯಾದರೆ ನಿವಾಳಿಸಲು ಅವರು ಬೇಕು. ತೋಟ ಒಣಗಿದರೆ ಮಾತ್ರ ಅವರ ಕಣ್ಣೇ ಕಾರಣ! ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕಿ ರೋಗ ಎಷ್ಟು ತೋಟ ತಿಂದಿದೆ ಅಂತ ಎಲ್ಲರಿಗೂ ಗೊತ್ತು. ಅದು ಶಿಲೀಂಧ್ರದ ರೋಗ. ರೋಗ ಬಿದ್ದ ಸೋಗೆ ತೆಗೆದು ಸುಡಬೇಕು, ಔಷಧಿ ಹೊಡೆಸಬೇಕು. ಅಕ್ಕನ ಮನೆಯವರು ಮಂತ್ರವಾದಿಯನ್ನು ಕರೆಸಿದರು. ಅವನಿಗೆ ಕುರ್ಚಿ, ಕಾಫಿ, ದಕ್ಷಿಣೆ. ತೋಟದ ನಾಲ್ಕು ಮೂಲೆಗೂ ನಿಂಬೆಹಣ್ಣು ಹೂತು, “ಒಂಟಿ ಹೆಂಗಸಿನ ಕೈವಾಡ” ಅಂದು ಹೋದ. ಮಂತ್ರ ಹೇಳುವ ಗಂಡಸಿಗೆ ಮರ್ಯಾದೆ, ಸೊಪ್ಪು ಅರೆಯುವ ಹೆಂಗಸಿಗೆ ಅಪವಾದ. ನನಗೆ ಮೈಯೆಲ್ಲ ಉರಿಯುತ್ತದೆ.

ಅಕ್ಕ ಕೆಟ್ಟವರೇನಲ್ಲ. ಸಾಲ ತಲೆ ಮೇಲಿದೆ, ಯಾರನ್ನಾದರೂ ಬೈಯಬೇಕು. ಆದರೆ ಎಲ್ಲ ಕಡೆಯೂ ಆಗಿದ್ದು ಇದೇ ಅಲ್ವಾ? ಯುರೋಪಿನಲ್ಲಿ ಆಲಿಕಲ್ಲು ಬಿದ್ದು ಬೆಳೆ ಹೋದರೂ, ಹಸುವಿನ ಹಾಲು ಬತ್ತಿದರೂ ಮಾಟಗಾತಿಯರನ್ನು ಹುಡುಕುತ್ತಿದ್ದರು. 15ರಿಂದ 18ನೇ ಶತಮಾನದೊಳಗೆ ಸುಮಾರು 40ರಿಂದ 50 ಸಾವಿರ ಜನರನ್ನು ಹೀಗೆ ಕೊಂದರು. ಹೆಚ್ಚಿನವರು ಹೆಂಗಸರು. ಅಮೆರಿಕದ ಸೇಲಂ ಊರಿನ ಪ್ರಕರಣದಲ್ಲಿ 1692ರಲ್ಲಿ 19 ಜನರನ್ನು ನೇಣಿಗೆ ಹಾಕಿದರು.

ರಾತ್ರಿ ಮಗು ತನ್ನ ಪುಸ್ತಕದ ಕಥೆ ಹೇಳಿತು. ಮೂರನೇ ಭಾಗದಲ್ಲಿ ಒಬ್ಬ ಮಾಟಗಾತಿಗೆ ಬೆಂಕಿ ಸುಡುವುದಿಲ್ಲವಂತೆ, ಬರೀ ಕಚಗುಳಿಯಂತೆ. ಅದಕ್ಕೇ ವೇಷ ಬದಲಿಸಿ 47 ಸಲ ಬೇಕಂತಲೇ ಸಿಕ್ಕಿಬೀಳುತ್ತಾಳಂತೆ. ಹೇಳುತ್ತಾ ನಗುತ್ತಿತ್ತು. ನಿಜವಾಗಿ ಸುಟ್ಟುಹೋದವರಿಗೆ ಯಾವ ಮಂತ್ರವೂ ಗೊತ್ತಿರಲಿಲ್ಲ ಅಂತ ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿತು: “ಹಾಗಾದ್ರೆ ಅಜ್ಜಿಗೂ ಏನೂ ಬರಲ್ವಾ ದೊಡ್ಡಮ್ಮ? ಮತ್ತೆ ಆ ಆಂಟಿ ಯಾಕೆ ಹೇಳಿದ್ರು?”

ವಾಮಾಚಾರದ ವಿರುದ್ಧ ನಮ್ಮ ರಾಜ್ಯ 2017ರಲ್ಲೇ ಕಾನೂನು ತಂದಿದೆ. ಅಡಿಕೆ ಸುಲಿಯುವಾಗಿನ ಪಿಸುಮಾತಿಗೆ ಯಾವ ಪೊಲೀಸ್ ಬರುತ್ತಾರೆ? ಅಲ್ಲಿ ಕೂತವರೇ ಬಾಯಿ ಬಿಡಬೇಕು. ನಿನ್ನೆ ಅಕ್ಕನ ಮನೆಗೆ ಹೋಗಿ ಅಷ್ಟನ್ನೂ ನೇರವಾಗಿ ಹೇಳಿದೆ. ಮಾತು ಬಿಟ್ಟಿದ್ದಾರೆ. ಬಿಡಲಿ. ಇನ್ನು ಸುಲಿಯಲು ಬರುವುದಿಲ್ಲ ಅಂತ ಅಜ್ಜಿ ಹೇಳಿ ಕಳಿಸಿದ್ದಾರೆ. ನಾಳೆ ನಾನೇ ಹೋಗಿ ಕರೆತರುತ್ತೇನೆ, ಮಗುವೂ ಬರುತ್ತದಂತೆ.